ಮೂರನೇ ತರಗತಿ ಮುಗಿಯಿತು, ಕಳೆಯುವ ಲೆಕ್ಕ ಬಾಕಿ

ಪ್ರಶ್ನೆ: ಮಗಳ ನಲಿ-ಕಲಿ ಮುಗಿಯಿತು, ಜೂನ್‌ನಿಂದ ನಾಲ್ಕನೇ ತರಗತಿ. ಎರವಲು ಪಡೆದು ಕಳೆಯುವ ಲೆಕ್ಕ ಕೊಟ್ಟರೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಾಳೆ. ‘ಅಕ್ಕ’ ಸಲೀಸು, ‘ರಾಷ್ಟ್ರ’ ಬಂದರೆ ತಡವರಿಕೆ. ಬೇಸಿಗೆ ಶಿಬಿರಕ್ಕೆ ಹಣವೂ ಇಲ್ಲ, ಮನಸ್ಸೂ ಇಲ್ಲ. ಏನು ಮಾಡಲಿ?

ನಿವೃತ್ತ ಶಿಕ್ಷಕಿ: ಕಾಪಿ ಬರೆಸಬೇಡಿ, ಮೊದಲೇ ಹೇಳಿಬಿಡುತ್ತೇನೆ. ಅಳಗುಳಿಮಣೆ ತೆಗೆಯಿರಿ. 14 ಗುಳಿ, ಗುಳಿಗೆ ಐದು ಹುಣಸೆಬೀಜ, ಒಟ್ಟು 70. ಆಟ ಮುಗಿದಾಗ ಅವಳ ಬಳಿ 43 ಇದ್ದರೆ ನಿಮ್ಮ ಬಳಿ ಎಷ್ಟು? ಎಣಿಸದೆ ಹೇಳಲಿ. ತಪ್ಪಿದರೆ ಎಪ್ಪತ್ತನ್ನೂ ಹತ್ತರ ಗುಂಪು ಮಾಡಿಸಿ, ಒಂದು ಗುಂಪನ್ನು ಬಿಚ್ಚಿ ಮೂರು ತೆಗೆಯಲಿ, ಉಳಿದ ಆರರಲ್ಲಿ ನಾಲ್ಕು ಗುಂಪು ತೆಗೆಯಲಿ. ಎರವಲು ಎಂದರೆ ಇಷ್ಟೇ. ಕಪ್ಪುಹಲಗೆಯ ಮೇಲೆ ಅಡ್ಡಗೆರೆ ಎಳೆದು ನಾವೇ ಅದನ್ನು ಭೂತ ಮಾಡಿಟ್ಟಿದ್ದೇವೆ.

ಇನ್ನೊಬ್ಬರು: ಒತ್ತಕ್ಷರಕ್ಕೆ ಬಸ್ ನಿಲ್ದಾಣಕ್ಕೆ ಕರೆದೊಯ್ಯಿರಿ. ಚಿತ್ರದುರ್ಗ, ಶ್ರೀರಂಗಪಟ್ಟಣ, ಚಿಕ್ಕಬಳ್ಳಾಪುರ, ಬೋರ್ಡು ಓದಲಿ. ಹಳ್ಳಿಯಲ್ಲಿದ್ದರೆ ಪಂಚಾಯಿತಿ ಗ್ರಂಥಾಲಯವಿದೆ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ.

ಪ್ರಶ್ನೆ ಕೇಳಿದವರು: ಹುಣಸೆಬೀಜಕ್ಕೆ ಬರವಿಲ್ಲ, ಮಣೆ ಅತ್ತೆಯ ಅಟ್ಟದಲ್ಲಿದೆ. ಮಗ್ಗಿ?

ನಿವೃತ್ತ ಶಿಕ್ಷಕಿ: ಏಳು, ಎಂಟರದ್ದು ಮಾತ್ರ, ಅದೂ ಮಾವಿನಕಾಯಿ ಹೆಚ್ಚುವಾಗ ಬಾಯಲ್ಲಿ. ಅತ್ತೆಯವರನ್ನೂ ಆಟಕ್ಕೆ ಕೂರಿಸಿ, ಅವರು ಸುಲಭಕ್ಕೆ ಸೋಲುವವರಲ್ಲ.