‘ಕೂರುತ್ತೆ, ಆದ್ರೆ ತಗೊಳ್ಳಲ್ಲ’: ಇದಕ್ಕೆ ಬರಹದಲ್ಲಿ ಏನನ್ನೋಣ?

ಪದಚರ್ಚೆಯ ಗೆಳೆಯರಿಗೆ ನಮಸ್ಕಾರ.

ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕದೆ, ಐದು ಸಾವಿರ ರೂಪಾಯಿಯೊಳಗೆ ಚುರುಕು ಮಾಡಿಸಿಕೊಳ್ಳುವುದು ಹೇಗೆಂದು ಎರಡು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಊರಿನ ಶಾಲೆಯ ಮೇಷ್ಟ್ರು, ಜೆರಾಕ್ಸ್ ಅಂಗಡಿಯವರು, ಮಕ್ಕಳ ಓದಿಗೆಂದು ಸೆಕೆಂಡ್ ಹ್ಯಾಂಡ್ ಸೆಟ್ ಕೊಂಡ ತಂದೆತಾಯಿ. ‘ಕಂಪ್ಯಾಟಿಬಲ್’ (ಒಂದು ಬಿಡಿಭಾಗ ಇನ್ನೊಂದರ ಜೊತೆ ಕೆಲಸ ಮಾಡುತ್ತದೆ) ಎಂಬಲ್ಲಿಗೆ ಬಂದು ಬರವಣಿಗೆ ನಿಂತಿದೆ. ಲೇಖನಗಳಲ್ಲಿ ಇದಕ್ಕೆ ‘ಹೊಂದಾಣಿಕೆ’ ಎಂದು ಬರೆಯುವ ರೂಢಿ ಇದೆ. ನನಗೋ ಆ ಪದ ಕೇಳಿದರೆ ಅತ್ತೆ ಸೊಸೆಯರು, ಇಲ್ಲವೇ ಹೊಂದಾಣಿಕೆ ರಾಜಕಾರಣ ಕಣ್ಮುಂದೆ ಬರುತ್ತದೆ. ಎರಡು ಕಡೆಯವರೂ ಒಂದಿಷ್ಟು ಬಿಟ್ಟುಕೊಟ್ಟರೆ ಅದು ಹೊಂದಾಣಿಕೆ. ಮದರ್‌ಬೋರ್ಡು (ಬಿಡಿಭಾಗಗಳೆಲ್ಲ ಕೂರುವ ಮುಖ್ಯ ಹಲಗೆ) ಏನನ್ನೂ ಬಿಟ್ಟುಕೊಡುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಇದಕ್ಕೆ ಎರಡು ಕ್ರಿಯಾಪದ ಬಳಕೆಯಲ್ಲಿವೆ: ಕೂರು, ತಗೊಳ್ಳು. ‘ಸಾರ್, ಇದು ನಿಮ್ಮ ಬೋರ್ಡಿಗೆ ಕೂರಲ್ಲ.’ ‘ಕೂರುತ್ತೆ ಸಾರ್, ಆದ್ರೆ ಬೋರ್ಡ್ ತಗೊಳ್ಳಲ್ಲ.’ ಮೊದಲಿಗೆ ಎರಡೂ ಒಂದೇ ಎಂದು ಕೇಳಿಸುತ್ತದೆ, ಆದರೆ ಒಂದೇ ಅಲ್ಲ.

ರ‍್ಯಾಮ್ ನೋಡಿ. ಕೆಲಸ ನಡೆಯುವಾಗ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಕಡ್ಡಿ ಅದು. ಅದರ ಕೆಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ, ಬೋರ್ಡಿನ ಸ್ಲಾಟಿನಲ್ಲಿ ಅದಕ್ಕೆ ಸರಿಯಾಗಿ ಒಂದು ದಿಣ್ಣೆ. ಹಳೆಯ ಬಗೆಯ ಡಿಡಿಆರ್3 ಕಡ್ಡಿಗೆ 240 ಪಿನ್, ಅದರ ನಂತರದ ಡಿಡಿಆರ್4ಕ್ಕೆ 288. ಕಚ್ಚಿನ ಜಾಗವೂ ಬೇರೆ. ಸರಿಯಾದ ಕಡ್ಡಿಯಾದರೆ ಎರಡು ತುದಿಯನ್ನೂ ಹೆಬ್ಬೆರಳಲ್ಲಿ ಒತ್ತಿದಾಗ ಪಕ್ಕದ ಕ್ಲಿಪ್ಪು ತಾನೇ ಟಕ್ಕೆಂದು ಎದ್ದು ಹಿಡಿದುಕೊಳ್ಳುತ್ತದೆ. ತಪ್ಪು ಕಡ್ಡಿ ಇಳಿಯುವುದೇ ಇಲ್ಲ. ಇದು ‘ಕೂರಲ್ಲ’. (ಯಾವ ಬಗೆ ಎಂದು ಊಹಿಸಿ, ಕಣ್ಣುಮುಚ್ಚಿ ತರುವ ಹಾಗಿಲ್ಲ. ಹಳೆಯ ಕಡ್ಡಿಯನ್ನು ಕಿತ್ತು ಜೇಬಲ್ಲಿಟ್ಟುಕೊಂಡು ಅಂಗಡಿಗೆ ಹೋಗುವುದೇ ಕ್ಷೇಮ.)

ಇನ್ನು ಪ್ರೊಸೆಸರ್, ಅಂದರೆ ಲೆಕ್ಕಾಚಾರ ನಡೆಸುವ ಮುಖ್ಯ ಚಿಪ್ಪು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಇಂಟೆಲ್ ಪ್ರೊಸೆಸರ್ ಬಹುಮಟ್ಟಿಗೆ 8ನೇ ಜೆನ್‌ನಿಂದ ಈಚಿನದು (ಜೆನ್ ಎಂದರೆ ತಲೆಮಾರು). ಕೈಯಲ್ಲಿರುವುದು 6ನೇ ಜೆನ್ ಐ3 ಪ್ರೊಸೆಸರ್ ಎನ್ನಿ. 6ನೇದಕ್ಕೂ 8ನೇದಕ್ಕೂ ಸಾಕೆಟ್ (ಚಿಪ್ಪು ಕೂರುವ ಮನೆ) ಹೆಸರು ಎಲ್‌ಜಿಎ 1151, ಚಿಪ್ಪಿನ ಅಳತೆಯೂ ಒಂದೇ, ಮೂರೂಮುಕ್ಕಾಲು ಸೆಂಟಿಮೀಟರ್ ಚೌಕ. ಹಾಗಿದ್ದಮೇಲೆ ಸೆಕೆಂಡ್ ಹ್ಯಾಂಡಲ್ಲಿ ಒಂದು 8ನೇ ಜೆನ್ ಚಿಪ್ ತಂದು ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಕಿದರೆ ನೀಟಾಗಿ ಕೂರುತ್ತದೆ, ಲಿವರೂ ಬೀಳುತ್ತದೆ. ಆದರೆ 2017ರಲ್ಲಿ 8ನೇ ಜೆನ್ ಬಂದಾಗ ಇಂಟೆಲ್‌ನವರು ಕೆಲವು ಪಿನ್‌ಗಳ ಕೆಲಸವನ್ನೇ ಬದಲಿಸಿದರು. ಹಳೆಯ ಬೋರ್ಡು ಅದನ್ನು ತಗೊಳ್ಳಲ್ಲ. ‘ಹೊಂದಾಣಿಕೆ ಇಲ್ಲ’ ಎಂದಷ್ಟೇ ಬರೆದರೆ ದುಡ್ಡು ಕಳೆಯುವ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ.

‘ತಗೊಳ್ಳು’ ಬರಹಕ್ಕೆ ಬಂದರೆ ‘ತೆಗೆದುಕೊಳ್ಳು’ ಆಗಿ ಸೊರಗುತ್ತದೆ. ನಾನು ಯೋಚಿಸಿದ್ದು ‘ಒಗ್ಗು’. ಮಾತ್ರೆ ಒಗ್ಗಲಿಲ್ಲ, ಆ ಊರಿನ ನೀರು ಒಗ್ಗಲಿಲ್ಲ ಅನ್ನುತ್ತೇವೆ. ತೊಡಕೆಂದರೆ, ಒಗ್ಗುವುದರಲ್ಲಿ ನಾಲ್ಕು ದಿನ ಕಳೆದರೆ ಸರಿಹೋದೀತು ಎಂಬ ಆಸೆ ಇದೆ, ಚಿಪ್ಪಿಗೆ ಅದಿಲ್ಲ. ‘ಒಪ್ಪು’ ಇನ್ನೂ ಹತ್ತಿರ ಎನಿಸುತ್ತದೆ: ‘ಈ ಬೋರ್ಡು 8ನೇ ಜೆನ್ ಪ್ರೊಸೆಸರನ್ನು ಒಪ್ಪುವುದಿಲ್ಲ.’ ಅಳತೆಯ ಮಾತಿಗೆ ‘ಹಿಡಿಸು’ ಇದ್ದೇ ಇದೆ: ‘ಈ ಬೋರ್ಡಿಗೆ 32 ಜಿಬಿ ರ‍್ಯಾಮ್ ಹಿಡಿಸುತ್ತದೆ.’

‘ಅಪ್‌ಗ್ರೇಡ್’ಗೆ ಪದ ಹುಡುಕುವುದನ್ನು ಕೈಬಿಟ್ಟಿದ್ದೇನೆ. ಮೇಲ್ದರ್ಜೆಗೇರಿಸುವುದು ಪ್ರಾಥಮಿಕ ಆರೋಗ್ಯ ಕೇಂದ್ರವನ್ನು, ರಾಜ್ಯ ಹೆದ್ದಾರಿಯನ್ನು. ನವೀಕರಿಸುವುದು ಲೈಸೆನ್ಸನ್ನು. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರದ ದರ್ಜೆಯೇನೂ ಏರುವುದಿಲ್ಲ, ಬೇಗ ಆನ್ ಆಗುತ್ತದೆ ಅಷ್ಟೆ. ಇದ್ದ ದುಡ್ಡಿನಲ್ಲಿ ಮೊದಲು ಮಾಡಿಸಬೇಕಾದದ್ದೂ ಅದೇ. ‘ಹಾಕಿಸು’, ‘ಬದಲಾಯಿಸು’, ‘ಜಾಸ್ತಿ ಮಾಡಿಸು’ ಇದ್ದರೆ ಕೈಪಿಡಿಗೆ ಸಾಕು.

ಕಾಟ ಕೊಡುತ್ತಿರುವುದು ಇನ್ನೆರಡು ಬಳಕೆ. ಒಂದು, ‘ಮೆಮೊರಿ’. ಮೊಬೈಲಿನ ರೂಢಿಯಿಂದ ‘ಮೆಮೊರಿ ಫುಲ್’ ಅಂದರೆ ಫೋಟೊ, ವಿಡಿಯೊ ತುಂಬಿದೆ ಎಂದು. ಅದೇ ಮಾತನ್ನು ಕಂಪ್ಯೂಟರ್ ಅಂಗಡಿಯಲ್ಲಿ ಆಡಿದರೆ ಕೌಂಟರಿನ ಮೇಲೆ ರ‍್ಯಾಮ್ ಬರುತ್ತದೆ. ‘ಸ್ಮೃತಿ’, ‘ಸ್ಮರಣೆ’ ಎಂದು ಕನ್ನಡಿಸಿದರೂ ಗೊಂದಲ ಹಾಗೇ ಉಳಿಯುತ್ತದೆ, ಹಾಗಾಗಿ ಆ ಪದವನ್ನೇ ಬಿಟ್ಟು ರ‍್ಯಾಮ್, ಎಸ್‌ಎಸ್‌ಡಿ ಎಂದೇ ಬರೆಯುತ್ತಿದ್ದೇನೆ. ಎರಡು, ‘ಸಿಪಿಯು’. ಅಸಲಿಗೆ ಅದು ಪ್ರೊಸೆಸರ್ ಚಿಪ್ಪಿನ ಹೆಸರು. ನಮ್ಮ ಕಡೆ ಮೇಜಿನ ಕೆಳಗಿನ ಇಡೀ ಡಬ್ಬವೇ ಸಿಪಿಯು. ‘ಸಿಪಿಯು ಬದಲಾಯಿಸಿ’ ಎಂದು ಬರೆದರೆ ಮೇಷ್ಟ್ರು ಡಬ್ಬವನ್ನೇ ಬದಲಾಯಿಸಿಯಾರು! ಇಲ್ಲಿ ತಿದ್ದಬೇಕಾದವರು ಅವರಲ್ಲ; ಡಬ್ಬಕ್ಕೆ ಸಿಪಿಯು ಎಂಬುದು ನೆಲೆನಿಂತ ಬಳಕೆ. ಚಿಪ್ಪಿಗೆ ‘ಪ್ರೊಸೆಸರ್’ ಎಂದು ಬರೆದರೆ ಜಗಳವಿಲ್ಲ.

ತಿಳಿದವರಿಂದ ಬೇಕಾದದ್ದು: ಹುಬ್ಬಳ್ಳಿ, ಕಲಬುರಗಿ ಕಡೆ ರಿಪೇರಿಯವರು ‘ಕುಂಡ್ರೂದಿಲ್ಲ’ ಎಂಬುದರ ಜೊತೆಗೆ ಈ ‘ತಗೊಳ್ಳಲ್ಲ’ಕ್ಕೆ ಬೇರೆ ಏನಾದರೂ ಅನ್ನುತ್ತಾರೆಯೇ? ಮಂಗಳೂರು, ಉಡುಪಿಯವರ ಬಾಯಲ್ಲಿ ಹೇಗಿದೆ? ಬೋರ್ವೆಲ್ ಮೋಟರು, ಟ್ರ್ಯಾಕ್ಟರು, ಹೊಲಿಗೆ ಯಂತ್ರದ ಬಿಡಿಭಾಗಕ್ಕೂ ಇದೇ ಎರಡು ಕ್ರಿಯಾಪದ ಬಳಸುತ್ತಾರೆಯೇ, ಅಥವಾ ಅಲ್ಲಿ ಹಳೆಯದೊಂದು ಪದ ಇನ್ನೂ ಉಳಿದಿದೆಯೇ? ‘ಒಪ್ಪು’ ಬಗ್ಗೆ ತಕರಾರಿದ್ದರೆ ಅದನ್ನೂ ಬರೆಯಿರಿ. ಬರುವ ವಾರ ಕೈಪಿಡಿ ಅಚ್ಚಿಗೆ ಹೋಗಬೇಕು.