ಪದಚರ್ಚೆ: ಪ್ರಯೋಗದ ‘ಕಂಟ್ರೋಲ್’ಗೆ ‘ನಿಯಂತ್ರಣ’ ಸರಿಯೇ?

ಗೆಳೆಯರೇ,

ಒಂಬತ್ತನೇ ತರಗತಿಯ ಮಕ್ಕಳಿಗಾಗಿ ಮೊಸರಿನ ಪ್ರಯೋಗದ ಹಾಳೆಯೊಂದನ್ನು ತಿದ್ದುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಿಂತಿದ್ದೇನೆ. ನಿಮ್ಮ ಸಲಹೆ ಬೇಕು.

ಹೆಪ್ಪು ಜಾಸ್ತಿ ಹಾಕಿದರೆ ಮೊಸರು ಬೇಗ ಆಗುತ್ತದೆ ಅನ್ನುವುದು ಮಕ್ಕಳ ಊಹೆ. (‘ಪ್ರಾಕ್ಕಲ್ಪನೆ’ ಬಿಟ್ಟು ‘ಊಹೆ’ ಅಂತಲೇ ಬರೆದೆ. ಯಾರಿಗೂ ತೊಡಕಾಗಲಿಲ್ಲ.) ಕಾಯಿಸಿ ಆರಿಸಿದ ಹಾಲನ್ನು ನಾಲ್ಕು ಬಟ್ಟಲಿಗೆ 100 ಮಿಲಿಯಂತೆ ಹಾಕುತ್ತೇವೆ. ಮೂರಕ್ಕೆ ಅರ್ಧ, ಒಂದು, ಎರಡು ಚಮಚ ಹೆಪ್ಪು. ನಾಲ್ಕನೆಯದಕ್ಕೆ ಏನೂ ಇಲ್ಲ. ಎಲ್ಲವನ್ನೂ 40 ಡಿಗ್ರಿ ಬಿಸಿಯಲ್ಲಿಟ್ಟು ಗಂಟೆಗೊಮ್ಮೆ ಪಿಎಚ್ (ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) ನೋಡುತ್ತೇವೆ. ಹಾಲಿನದು ಸುಮಾರು 6.6. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತಾ ಹೋದಂತೆ ಅದು ಇಳಿಯುತ್ತದೆ. 4.6ರ ಹೊತ್ತಿಗೆ ಕೇಸೀನ್ ಅನ್ನುವ ಹಾಲಿನ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಮೊಸರು ಗಟ್ಟಿಯಾಗಿರುತ್ತದೆ.

ನನ್ನ ತೊಡಕು ಆ ನಾಲ್ಕನೆಯ ಬಟ್ಟಲು. ಇಂಗ್ಲಿಷಿನಲ್ಲಿ ಅದು ‘ಕಂಟ್ರೋಲ್’. ಮೊಸರಾಗಿದ್ದು ಹೆಪ್ಪಿನಿಂದಲೇ, ಸುಮ್ನೆ ಬೆಚ್ಚಗಿಟ್ಟಿದ್ದರಿಂದ ಅಲ್ಲ ಅಂತ ಹೇಳಲು ಅದು ಬೇಕೇ ಬೇಕು. ಹಾಳೆಯಲ್ಲಿ ‘ನಿಯಂತ್ರಣ ಬಟ್ಟಲು’ ಅಂತ ಬರೆದಿದ್ದೆ. ಕಳೆದ ವಾರ ಒಬ್ಬಳು ಹುಡುಗಿ ಅದನ್ನು ಒಯ್ದು ಫ್ರಿಜ್ಜಿನಲ್ಲಿಟ್ಟಳು. ಯಾಕಮ್ಮಾ ಅಂದರೆ, ‘ಹಾಲು ಕೆಡದ ಹಾಗೆ ನಿಯಂತ್ರಣ ಮಾಡಬೇಕಲ್ವಾ ಸಾರ್?’ ಅಂದಳು. ಅವಳದು ತಪ್ಪಲ್ಲ. ಬಿಪಿ ನಿಯಂತ್ರಣ, ಬೆಲೆ ನಿಯಂತ್ರಣ, ನಿಯಂತ್ರಣ ತಪ್ಪಿ ಮಗುಚಿದ ಲಾರಿ. ಕನ್ನಡದಲ್ಲಿ ಆ ಪದ ಕೇಳಿದರೆ ಹಿಡಿದು ನಿಲ್ಲಿಸುವುದೇ ತಲೆಗೆ ಬರುತ್ತದೆ.

ಇದೇ ಹಾಳೆಯಲ್ಲಿ ‘ನಿಯಂತ್ರಿತ ಚರಗಳು’ ಅಂತಲೂ ಇದೆ. ಅಂದರೆ ಹಾಲಿನ ಅಳತೆ, ಬಿಸಿ, ಬಟ್ಟಲಿನ ಗಾತ್ರ, ಹೀಗೆ ಎಲ್ಲ ಕಡೆ ಒಂದೇ ಇರಬೇಕಾದವು. ಅಲ್ಲಿ ನಿಯಂತ್ರಣ ಒಪ್ಪುತ್ತದೆ. ಆದರೆ ಎರಡು ಬೇರೆ ಕೆಲಸಕ್ಕೆ ಒಂದೇ ಪದ ಬಂದು ಮಕ್ಕಳು ತಬ್ಬಿಬ್ಬಾಗುತ್ತಾರೆ.

‘ಕಂಟ್ರೋಲ್’ ಪದದ ಮೂಲ ನೋಡಿದಾಗ ನನಗೆ ಬಹಳ ಖುಷಿಯಾಯಿತು. ಅದು ಹಳೆಯ ಫ್ರೆಂಚಿನಿಂದ ಬಂದದ್ದು. ಅದರ ಹಿಂದಿರುವ ಲ್ಯಾಟಿನ್ ಪದಗಳು ‘ಕಾಂಟ್ರಾ’ ಮತ್ತು ‘ರೊಟುಲಸ್’, ಅಂದರೆ ‘ಎದುರು’ ಮತ್ತು ‘ಸುರುಳಿ’. ಲೆಕ್ಕದ ಸುರುಳಿಗೆ ಎದುರಾಗಿ ಇಟ್ಟುಕೊಂಡ ಇನ್ನೊಂದು ಪ್ರತಿ! ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಸರಿಯಿದೆಯೇ ಅಂತ ನೋಡುವುದಕ್ಕೆ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಮಾತೇ ಇದೆ: ತಾಳೆ ನೋಡುವುದು. ಹಾಗಾಗಿ ‘ತಾಳೆ ಬಟ್ಟಲು’, ಒಟ್ಟಾರೆಯಾಗಿ ‘ತಾಳೆ ಮಾದರಿ’ ಅನ್ನಬಹುದೇ?

ಎರಡು ಅನುಮಾನ ಉಳಿದಿವೆ. ‘ತಾಳೆ ಆಯ್ತು’ ಅಂದರೆ ಎರಡೂ ಸರಿಹೊಂದಿತು ಅಂತ. ಇಲ್ಲಿ ನಾಲ್ಕನೆಯ ಬಟ್ಟಲು ಉಳಿದವುಗಳಿಗೆ ಹೊಂದದೇ ಇದ್ದರೇನೇ ನಮ್ಮ ಮಾತು ಗಟ್ಟಿ. ಇನ್ನೊಂದು, ಮುಂದಿನ ಪ್ರಯೋಗ ಅಡುಗೆ ಎಣ್ಣೆಯದು. ಅಲ್ಲಿ ‘ತಾಳೆ ಮಾದರಿ’ ಅಂದರೆ ತಾಳೆ ಎಣ್ಣೆಯನ್ನೇ ತಂದಿಟ್ಟಾರು. ‘ಹೋಲಿಕೆ ಮಾದರಿ’ಯನ್ನೂ ಯೋಚಿಸಿದೆ. ಆದರೆ ಹೋಲಿಕೆ ಅಂದರೆ ಒಂದೇ ಥರ ಇರುವುದು ಅನ್ನುವ ಅರ್ಥವೂ ಇದೆ.

ಹೊಲದಲ್ಲಿ ಹೊಸ ಗೊಬ್ಬರ ಪರೀಕ್ಷೆ ಮಾಡುವಾಗ ಒಂದೆರಡು ಸಾಲಿಗೆ ಏನೂ ಹಾಕದೆ ಬಿಡುತ್ತಾರಲ್ಲ, ಆ ಸಾಲಿಗೆ ನಿಮ್ಮ ಊರಿನ ರೈತರು ಏನನ್ನುತ್ತಾರೆ? ಗೊತ್ತಿದ್ದವರು ದಯವಿಟ್ಟು ತಿಳಿಸಿ. ಅಲ್ಲಿ ಪದ ಸಿಕ್ಕರೆ ಅದನ್ನೇ ಹಾಳೆಗೆ ಹಾಕುತ್ತೇನೆ.