ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಸಿಗದಿದ್ದರೆ ಉತ್ತರ ಕೊಡಬೇಕಾದವರು ಯಾರು?

ಪ್ರಶ್ನೆ: ಬೆಂಗಳೂರು ನಿವಾಸಿ

ನಮಸ್ಕಾರ. ನನ್ನ ತಾಯಿಯವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ನಮ್ಮ ವಾರ್ಡಿನ ಸರ್ಕಾರಿ ಆರೋಗ್ಯ ಕೇಂದ್ರದಿಂದ ತಿಂಗಳಿಗೊಮ್ಮೆ ಮೆಟ್‌ಫಾರ್ಮಿನ್ ಮಾತ್ರೆ ತರುತ್ತಾರೆ. ಕಳೆದ ಮೂರು ತಿಂಗಳಿಂದ ಮೂವತ್ತು ದಿನಗಳ ಬದಲು ಹತ್ತು ದಿನಗಳ ಮಾತ್ರೆಯನ್ನಷ್ಟೇ ಕೊಟ್ಟು, ಉಳಿದದ್ದನ್ನು ಹೊರಗೆ ಕೊಂಡುಕೊಳ್ಳಿ ಎಂದು ಚೀಟಿಯ ಹಿಂಬದಿಯಲ್ಲಿ ಬರೆದು ಕಳಿಸುತ್ತಿದ್ದಾರೆ. ವಿಚಾರಿಸಿದರೆ, ಕೇಂದ್ರದವರು ಮೇಲಿನಿಂದ ಸರಬರಾಜು ಬಂದಿಲ್ಲ ಎಂದರು. ಮೇಲಿನ ಕಚೇರಿಯವರು ಖರೀದಿ ತಮ್ಮ ಕೆಲಸವಲ್ಲ ಎಂದರು. ಅದರಾಚೆಯ ಕಚೇರಿಯವರು ಅನುದಾನ ಬಿಡುಗಡೆಯಾಗಿಲ್ಲ ಎಂದರು. ಯಾರೂ ಒರಟಾಗಿ ಮಾತನಾಡಲಿಲ್ಲ. ಆದರೆ ಇದು ನನ್ನ ಹೊಣೆ ಎಂದು ಒಬ್ಬರೂ ಹೇಳಲಿಲ್ಲ. ಬ್ರಿಟನ್ನಿನಲ್ಲಿ ಇಂಥದ್ದಕ್ಕೆ ಆರೋಗ್ಯ ಸಚಿವರೇ ಸಂಸತ್ತಿನಲ್ಲಿ ಉತ್ತರ ಕೊಡಬೇಕಂತೆ. ಅಲ್ಲಿನ ವ್ಯವಸ್ಥೆ ಹೇಗಿದೆ, ನಮ್ಮಲ್ಲಿ ಯಾರನ್ನು ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಕಾನೂನು ಉಪನ್ಯಾಸಕಿ

ಅಲ್ಲಿ ಆ ಹೊಣೆಯನ್ನು ಕಾನೂನಿನಲ್ಲೇ ಬರೆದಿದ್ದಾರೆ. ಅನ್ಯೂರಿನ್ ಬೆವನ್ ಆರೋಗ್ಯ ಸಚಿವರಾಗಿದ್ದಾಗ, 1946ರ ಕಾಯ್ದೆಯ ಮೇರೆಗೆ, 1948ರ ಜುಲೈ 5ರಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ (ರಾಷ್ಟ್ರೀಯ ಆರೋಗ್ಯ ಸೇವೆ) ಆರಂಭವಾಯಿತು; ಸೇವೆ ಒದಗಿಸುವ ಕರ್ತವ್ಯವನ್ನು ಕಾಯ್ದೆ ಸಚಿವರ ಹೆಗಲಿಗೇ ಏರಿಸಿತು. ಟ್ರೆಡೆಗರ್ ಊರಿನ ಆಸ್ಪತ್ರೆಯಲ್ಲಿ ಬೆಡ್‌ಪ್ಯಾನ್ ಬಿದ್ದರೂ ಸದ್ದು ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರ್‌ಗೆ ಕೇಳಬೇಕು ಎಂಬ ಮಾತು ಬೆವನ್ ಅವರ ಹೆಸರಿನಲ್ಲಿ ಇಂದಿಗೂ ಬಳಕೆಯಲ್ಲಿದೆ. ಮುಂದೆ 2012ರ ಕಾಯ್ದೆ ದಿನನಿತ್ಯದ ನಿರ್ವಹಣೆಯನ್ನು ಸಚಿವರಿಂದ ದೂರವಿಟ್ಟು, ಎನ್‌ಎಚ್‌ಎಸ್ ಇಂಗ್ಲೆಂಡ್ ಎಂದು ಹೆಸರಾದ ಪ್ರತ್ಯೇಕ ಸಂಸ್ಥೆಗೆ ಒಪ್ಪಿಸಿತು. ಸಚಿವರು ನುಣುಚಿಕೊಳ್ಳಲು ಇದು ದಾರಿಯಾಗುತ್ತದೆಂದು ಎಷ್ಟು ವಿರೋಧ ಬಂದಿತೆಂದರೆ, ಸಂಸತ್ತಿಗೆ ಉತ್ತರದಾಯಿ ಸಚಿವರೇ ಎಂಬ ವಾಕ್ಯವನ್ನು ಕಾಯ್ದೆಯಲ್ಲೇ ಸೇರಿಸಬೇಕಾಯಿತು. ಕೊನೆಗೆ 2025ರ ಮಾರ್ಚ್‌ನಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ಆ ಸಂಸ್ಥೆಯನ್ನೇ ರದ್ದುಪಡಿಸಿ ಅಧಿಕಾರವನ್ನು ಸಚಿವಾಲಯಕ್ಕೆ ಮರಳಿಸುವುದಾಗಿ ಪ್ರಕಟಿಸಿದರು.

ನಮ್ಮ ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯ 6ನೇ ವಿಷಯ. ಹಾಗಾಗಿ ತಾವು ಕೇಳಬೇಕಾದದ್ದು ರಾಜ್ಯದ ಆರೋಗ್ಯ ಸಚಿವರನ್ನು. ಆದರೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಹಣ ಕೇಂದ್ರದಿಂದ ಶೇ 60, ರಾಜ್ಯದಿಂದ ಶೇ 40ರಂತೆ ಬರುವುದರಿಂದ ಪರಸ್ಪರ ಬೆರಳು ತೋರಿಸುವುದು ಸುಲಭ. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ಬಾಗಿಲು ತಟ್ಟಿ ಕೇಳಬಹುದಾಗಿದ್ದ ಕಾರ್ಪೊರೇಟರ್ ಕೂಡ ಇಲ್ಲದಂತಾಯಿತು. ಇದನ್ನು ನಾನು ಸಣ್ಣ ವಿಷಯವೆಂದು ಭಾವಿಸುವುದಿಲ್ಲ. ನ್ಯಾಯಾಲಯದ ದಾರಿಯೂ ಇದೆ: ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರರೊಬ್ಬರನ್ನು ಕೋಲ್ಕತ್ತದ ಸರ್ಕಾರಿ ಆಸ್ಪತ್ರೆಗಳು ಸೇರಿಸಿಕೊಳ್ಳದ ಪ್ರಕರಣದಲ್ಲಿ, ಅದು ಬದುಕುವ ಹಕ್ಕು ನೀಡುವ ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, ಹಣದ ಕೊರತೆ ನೆಪವಾಗದು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆದರೆ ಅದು ತುರ್ತು ಚಿಕಿತ್ಸೆಯ ಪ್ರಕರಣ. ತಿಂಗಳ ಮಾತ್ರೆಗಾಗಿ ಯಾರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ?

ಉತ್ತರ 2: ನಿವೃತ್ತ ವೈದ್ಯಾಧಿಕಾರಿ

ಮೇಡಂ ಅವರ ವಿವರಣೆ ಸರಿಯಾಗಿದೆ. ಆದರೂ ಕಾಯ್ದೆಯಲ್ಲಿ ಸಚಿವರ ಹೆಸರು ಇದ್ದಮಾತ್ರಕ್ಕೆ ಕೆಳಗಿನ ಸತ್ಯ ಮೇಲಕ್ಕೆ ತಲುಪುವುದಿಲ್ಲ. ಇಂಗ್ಲೆಂಡಿನ ಸ್ಟ್ಯಾಫರ್ಡ್ ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆ ವರ್ಷಗಟ್ಟಲೆ ಹದಗೆಟ್ಟಿದ್ದರೂ ಆಡಳಿತದ ಗಮನ ಲೆಕ್ಕಪತ್ರ ಮತ್ತು ಗುರಿಗಳ ಮೇಲಿತ್ತು ಎಂಬುದು 2013ರ ಫ್ರಾನ್ಸಿಸ್ ವರದಿಯಿಂದ ಬಯಲಾಯಿತು. ಆ ಬಳಿಕವೇ, ತಪ್ಪಾಗಿ ತೊಂದರೆಯಾದರೆ ರೋಗಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕೆಂಬುದು ಅಲ್ಲಿ ಕಾನೂನಾಯಿತು.

ನಾನು ಸೇವೆಯಲ್ಲಿದ್ದಾಗ ಆರು ಸಾವಿರ ಮಾತ್ರೆಗೆ ಇಂಡೆಂಟ್ (ಬೇಡಿಕೆ ಪತ್ರ) ಹಾಕಿದರೆ ಎರಡು ಸಾವಿರ ಬಂದದ್ದುಂಟು. ಯಾರನ್ನೂ ಬರಿಗೈಲಿ ಕಳಿಸಬಾರದೆಂದು ಫಾರ್ಮಸಿಸ್ಟ್ ಕತ್ತರಿ ಹಿಡಿದು ಸ್ಟ್ರಿಪ್‌ಗಳನ್ನು ತುಂಡು ಮಾಡಿ, ಎಲ್ಲರಿಗೂ ಹತ್ತು ದಿನದಷ್ಟು ಹಂಚುತ್ತಿದ್ದರು. ಇದರಿಂದ ದಾಸ್ತಾನು ವಹಿಯಲ್ಲಿ ಸೊನ್ನೆ ಬೀಳುತ್ತಲೇ ಇರಲಿಲ್ಲ. ವಿಧಾನಸಭೆಯಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ ಬಂದಾಗ, ಅದೇ ವಹಿಯನ್ನು ಆಧರಿಸಿ ‘ಔಷಧಿ ಕೊರತೆ ಇರುವುದಿಲ್ಲ’ ಎಂದು ನಾವೇ ಉತ್ತರ ಸಿದ್ಧಪಡಿಸಿ ಕಳಿಸಿದ್ದೇವೆ. ಸಚಿವರು ಓದಿದ ಉತ್ತರ ಕಾಗದದ ಪ್ರಕಾರ ಸುಳ್ಳಲ್ಲ. ಆದರೆ ಇಪ್ಪತ್ತು ದಿನದ ಮಾತ್ರೆಯನ್ನು ಜನ ಜೇಬಿನಿಂದ ಕೊಂಡರು. ಈ ವಿಷಯ ನನ್ನನ್ನು ಇಂದಿಗೂ ಬಾಧಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಮಾಹಿತಿ ಹಕ್ಕಿನಲ್ಲಿ ಏನೆಂದು ಕೇಳಲಿ ಸರ್? ದಾಸ್ತಾನು ಇತ್ತೇ ಎಂದು ಕೇಳಿದರೆ ಇತ್ತು ಎಂದೇ ಬರುತ್ತದಲ್ಲ.

ಉತ್ತರ 3: ನಿವೃತ್ತ ವೈದ್ಯಾಧಿಕಾರಿ

ಹೌದು, ಹಾಗೆ ಕೇಳಬೇಡಿ. ಹತ್ತು ರೂಪಾಯಿ ಶುಲ್ಕದ ಅರ್ಜಿಯಲ್ಲಿ, ಆ ಮೂರು ತಿಂಗಳು ಮೆಟ್‌ಫಾರ್ಮಿನ್‌ಗೆ ಹಾಕಿದ ಇಂಡೆಂಟ್ ಎಷ್ಟು, ಬಂದದ್ದು ಎಷ್ಟು, ಯಾವ ದಿನಾಂಕ ಎಂದು ಕೇಳಿ, ವಹಿಯ ಪುಟಗಳ ದೃಢೀಕೃತ ನಕಲು ಬೇಕೆಂದು ಬರೆಯಿರಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಆ ಪುಟಗಳನ್ನು ತಮ್ಮ ಶಾಸಕರ ಕೈಗೆ ಕೊಟ್ಟು, ಇಂಡೆಂಟ್ ಮತ್ತು ಸರಬರಾಜಿನ ಅಂತರವನ್ನೇ ಸದನದಲ್ಲಿ ಕೇಳುವಂತೆ ಒತ್ತಾಯಿಸಿ. ತಾಯಿಯವರ ಚೀಟಿಗಳನ್ನು ಎಸೆಯಬೇಡಿ, ಹಿಂಬದಿಯ ಬರಹವೂ ಬೇಕಾಗುತ್ತದೆ.